ಏಟಿಗೆ ಮೊದಲಿನ ಉಸಿರು

ಕತ್ತಿಯಕ್ಕನಿಗೆ ಸೋಮವಾರದವರೆಗೆ ಗಡುವು ಸಿಕ್ಕಿತ್ತು. ವಿಡಿಯೋ ಗೇಮ್ ಮಾಡುವ ಆ ಕಚೇರಿಯಲ್ಲಿ ಹೊಡೆದಾಟಗಳನ್ನೆಲ್ಲ ಹೊಂದಿಸುವವಳು ಅವಳೇ ಆದ್ದರಿಂದ ಆ ಹೆಸರು. ಮನೆಯಲ್ಲಿ ಈರುಳ್ಳಿ ಹೆಚ್ಚಲು ಕೂತರೆ ಬೆರಳು ಕುಯ್ದುಕೊಳ್ಳುವ ಹೆಣ್ಣು. ಅವರ ಖಡ್ಗದ ಆಟದ ನಾಲ್ಕನೇ ಭಾಗ ತಯಾರಾಗುತ್ತಿತ್ತು. ಮೊದಲ ಭಾಗಕ್ಕೆ ಜನ ಮುಗಿಬಿದ್ದಿದ್ದರು, ಎರಡನೆಯದನ್ನು ಸಹಿಸಿಕೊಂಡಿದ್ದರು, ಮೂರನೆಯದನ್ನು ಮರೆತೇಬಿಟ್ಟಿದ್ದರು. ಈಗ ಎಲ್ಲರ ಬಾಯಲ್ಲೂ ಎದುರು ಕಂಪನಿಯ ಆಟ. ಅದರಲ್ಲಿ ಏಟು ಬೀಳುವ ಕೊನೆಯ ಗಳಿಗೆಯಲ್ಲಿ ಪಕ್ಕಕ್ಕೆ ಸರಿದರೆ ಸುತ್ತಲಿನದೆಲ್ಲ ನಿಧಾನವಾಗುತ್ತದೆ, ಆಡುವವರ ಮೈ ಜುಮ್ಮೆನ್ನುತ್ತದೆ.

ಕತ್ತಿಯಕ್ಕ ಅದನ್ನೇ ಅಳೆದು ತೂಗಿ ತಮ್ಮ ಆಟಕ್ಕೆ ತಂದು ಹಾಕಿದ್ದಳು. ಸೆಕೆಂಡಿಗೆ ಅರವತ್ತು ಚಿತ್ರ ಓಡುವ ಆಟದಲ್ಲಿ ಪಕ್ಕಕ್ಕೆ ಸರಿಯಲು ಎಷ್ಟು ಚಿತ್ರ, ನಿಧಾನಕ್ಕೆ ಎಷ್ಟು ಎಂದು ಒಂದೊಂದನ್ನೂ ಎಣಿಸಿದ್ದಳು. ಎಣಿಕೆ ಎಲ್ಲೂ ತಪ್ಪಿರಲಿಲ್ಲ. ಆದರೂ ಆಡಿ ನೋಡಿದರೆ ಉಪ್ಪಿಲ್ಲದ ಊಟ.

"ಹುಲಿ ನೋಡಿ ನರಿ ಬರೆ ಹಾಕ್ಕೊಂಡ ಹಾಗಾಯ್ತಲ್ಲಮ್ಮ," ಎಂದಿದ್ದರು ಕಚೇರಿಯ ಯಜಮಾನರು. "ಸೋಮವಾರ ಇನ್ನೊಂದ್ಸಲ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಹೊಡೆದಾಟದ ಕೆಲಸ ಹೊರಗಿನವರಿಗೆ ಕೊಡ್ತೀನಿ. ನೀವು ಪರದೆ ಮೇಲಿನ ಮೆನು, ಬಟನ್ ನೋಡ್ಕೊಳ್ಳಿ."

ಮೆನು! ಹನ್ನೊಂದು ವರ್ಷ ಕತ್ತಿ ಬೀಸಿದವಳಿಗೆ ಬಟನ್ ಜೋಡಿಸುವ ಕೆಲಸ. ಅವಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಸಿಟ್ಟು ಬಂದರೆ ಅವಳು ಕೂಗಾಡುವವಳಲ್ಲ, ಹಟ ಹಿಡಿಯುವವಳು.

ಭಾನುವಾರ ಬೆಳಿಗ್ಗೆ ತಂಗಿಯನ್ನು ಟಿವಿ ಮುಂದೆ ಕೂರಿಸಿದಳು. ತಂಗಿ ಆಸ್ಪತ್ರೆಯಲ್ಲಿ ನರ್ಸು, ಎದುರು ಕಂಪನಿಯ ಆಟದ ಪರಮಭಕ್ತೆ.

"ನಿಮ್ಮದಕ್ಕಿಂತ ಇದು ನೂರು ಪಾಲು ವಾಸಿ ಕಣೇ ಅಕ್ಕಾ, ಬೇಜಾರು ಮಾಡ್ಕೋಬೇಡ."

"ಮಾಡ್ಕೊಳ್ಳಲ್ಲ. ಬಾಯಿ ಮುಚ್ಕೊಂಡು ಆಡು."

ಒಂದು ಗಂಟೆ ನೋಡಿದರೂ ಹೊಸದೇನೂ ಕಾಣಲಿಲ್ಲ. ಕಣ್ಣು ಪದೇಪದೇ ನಾಯಕನ ಮೇಲೇ ಹೋಗುತ್ತಿತ್ತು. ಅವನ ಕೋಟು, ಅವನ ಜಿಗಿತ. ಕೊನೆಗೆ ರೇಗಿಹೋಗಿ ಹಳೆಯ ಪೆಟ್ಟಿಗೆಯೊಂದರ ರಟ್ಟು ಹರಿದು ತಂದು, ನಾಯಕ ಹೋದಲ್ಲೆಲ್ಲ ಅವನಿಗೆ ಅಡ್ಡ ಹಿಡಿದಳು.

"ಅಯ್ಯೋ, ಹೀಗೆ ಹೇಗೆ ಆಡೋದು?"

"ಎದುರಾಳಿ ಕಾಣ್ತಾನಲ್ಲ, ಅವನನ್ನ ನೋಡ್ಕೊಂಡು ಆಡು."

ಆಶ್ಚರ್ಯವೆಂದರೆ ತಂಗಿ ಆಡಿದಳು. ತನ್ನ ನಾಯಕ ಕಾಣದಿದ್ದರೂ ಸರಿಯಾದ ಗಳಿಗೆಗೆ ಅವನನ್ನು ಸರಿಸಿದಳು, ಒಂದಲ್ಲ, ಆರು ಸಲ.

"ಹೇಗೆ ಗೊತ್ತಾಯ್ತೇ?"

"ಹೊಡೆಯೋಕೆ ಮುಂಚೆ ಅವನು ನಿಲ್ತಾನಲ್ಲ. ಸೂಜಿ ನೋಡಿದ ರೋಗಿ ಥರ ಉಸಿರು ಬಿಗಿ ಹಿಡೀತಾನೆ."

ಕತ್ತಿಯಕ್ಕ ರಟ್ಟು ಬಿಸುಟು ಎಣಿಸಿದಳು. ಎತ್ತಿದ ಕೈ ಹದಿನೆಂಟು ಚಿತ್ರಗಳಷ್ಟು ಹೊತ್ತು ಹಾಗೇ ನಿಲ್ಲುತ್ತಿತ್ತು. ಇಷ್ಟು ದಿನ ತಪ್ಪಿಸಿಕೊಳ್ಳುವವನನ್ನು ಅಳೆದಳೇ ಹೊರತು ಹೊಡೆಯುವವನತ್ತ ತಿರುಗಿಯೂ ನೋಡಿರಲಿಲ್ಲ. ಹಣೆ ಹಣೆ ಚಚ್ಚಿಕೊಂಡಳು. ಅಷ್ಟರಲ್ಲಿ ಇನ್ನೊಂದು ಹೊಳೆಯಿತು: ಹೀಗೆ ನಿಲ್ಲುವುದನ್ನು ಅವಳು ಮೊದಲೂ ಕಂಡಿದ್ದಳು. ತಮ್ಮದೇ ಆಟದ ಮೊದಲ ಭಾಗ ಹಾಕಿದಳು. ಕೊಡಲಿ ಎತ್ತಿದ ರಾಕ್ಷಸ ಅಲ್ಲೂ ಹದಿನೆಂಟೇ ಚಿತ್ರ ನಿಂತ. ಎರಡನೇ ಭಾಗದಲ್ಲಿ ಅದು ಹತ್ತಾಗಿತ್ತು, ಮೂರನೆಯದರಲ್ಲಿ ಇರಲೇ ಇಲ್ಲ.

ಆ ರಾಕ್ಷಸರಿಗೆ ಚಲನೆ ಕೊಟ್ಟು ಕುಣಿಸಿದವರು ಈಗಲೂ ಅದೇ ಕಚೇರಿಯಲ್ಲಿ, ಮೂಲೆಯ ಮೇಜಿನಲ್ಲಿದ್ದರು. ಆಟದೊಳಗಿನ ಬಾಗಿಲು ತೆರೆಯುವುದು, ಮುಚ್ಚುವುದು, ಈಗ ಇಷ್ಟೇ ಅವರ ಪಾಲಿನ ಕೆಲಸ, ಹಾಗಾಗಿ ಬಾಗಿಲಣ್ಣ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಳ್ಳಲ್ಲ. ಸೋಮವಾರ ಕಚೇರಿ ತೆರೆಯುತ್ತಲೇ ಕತ್ತಿಯಕ್ಕ ಅವರೆದುರು ನಿಂತಳು.

"ವೇಗ ಬೇಕು ಅಂದ್ರು, ಕತ್ತರಿಸ್ದೆ," ಎಂದರು ಬಾಗಿಲಣ್ಣ. "ಆಮೇಲೆ ಎದುರು ಕಂಪನಿ ಆಟ ನೋಡ್ದೆ. ನನ್ನ ಹದಿನೆಂಟು ಅಲ್ಲಿ ಸುಖವಾಗಿತ್ತು. ಒಳ್ಳೆ ಮನೆಗೆ ಕೊಟ್ಟ ಮಗಳನ್ನ ನೋಡಿದ ಹಾಗಾಯ್ತು."

"ಯಾಕಣ್ಣ ಹೇಳ್ಲಿಲ್ಲ?"

"ಕೇಳಿದ್ಯಾರಮ್ಮ?"

ಹನ್ನೊಂದು ವರ್ಷ ದಿನಾ ಆ ಮೇಜಿನ ಪಕ್ಕದಲ್ಲೇ ಓಡಾಡಿದವಳು ನಾಚಿಕೆಯಿಂದ ತಲೆ ತಗ್ಗಿಸಿದಳು. ಆಮೇಲೆ ಇಬ್ಬರೂ ಊಟಕ್ಕೂ ಏಳಲಿಲ್ಲ. ಎದುರಾಳಿಯ ಕೈಯನ್ನು ಬರೀ ನಿಲ್ಲಿಸಿದರೆ ಸಾಲದು, ಅವನ ಹಿಮ್ಮಡಿಯೂ ಮೇಲೇಳಬೇಕು ಎಂದು ಬಾಗಿಲಣ್ಣ ತೋರಿಸಿಕೊಟ್ಟರು. ಮೂರು ಗಂಟೆಗೆ ಒಬ್ಬ ಎದುರಾಳಿ ಸಿದ್ಧನಾದ.

ಆಡಲು ಕೂತ ಯಜಮಾನರು ಆಟದಲ್ಲಿ ಎರಡು ಸಲ ಸತ್ತರು. ಮೂರನೇ ಸಲ ಸರಿಯಾಗಿ ತಪ್ಪಿಸಿಕೊಂಡು "ಆಹಾ!" ಎಂದು ಕೂಗಿ, ಇನ್ನೊಮ್ಮೆ, ಮತ್ತೊಮ್ಮೆ ಆಡಿದರು. ಕತ್ತಿಯಕ್ಕ ನಡೆದದ್ದನ್ನೆಲ್ಲ ಹೇಳಿದಳು. ಅವರ ಮುಖ ಅರಳಿತು.

"ಅಂದ್ರೆ ಅವರೇ ನಮ್ಮದನ್ನ ಕದ್ದಿದ್ದು! ಆಟ ಬಿಡುಗಡೆ ಮಾಡೋ ದಿನ ಇದನ್ನ ವೇದಿಕೆ ಹತ್ತಿ ನೀವೇ ಹೇಳಿ. ಕೆಲಸ ನಿಮ್ಮಲ್ಲೇ ಇರುತ್ತೆ."

ಬೇಕಾದದ್ದು ಕೈಗೆ ಬಂದಿತ್ತು, ತಲೆಯಾಡಿಸಿದರೆ ಸಾಕಿತ್ತು.

"ಇಲ್ಲ ಸರ್, ಅದು ಸುಳ್ಳು. ನಾವು ಎಸೆದಿದ್ದನ್ನ ಅವರು ಎತ್ತಿ ಸಾಕಿದ್ರು. ನಿಧಾನ ಆಗೋದು ಅವರದೇ ಕಲ್ಪನೆ. ಅವರನ್ನ ನೋಡಿ ನಾನು ಕಲಿತೆ. ಕೇಳಿದವರಿಗೆ ಹಾಗೇ ಹೇಳ್ತೀನಿ."

"ಹಾಗಾದ್ರೆ ಮೆನು ಮಾಡ್ತೀರಾ?"

"ಮಾಡ್ತೀನಿ. ಸುಳ್ಳು ಮಾತ್ರ ಹೇಳಲ್ಲ."

ಅಷ್ಟು ವರ್ಷ ಯಾರಿಗೂ ಎದುರಾಡದ ಬಾಗಿಲಣ್ಣ ಗಂಟಲು ಸರಿಮಾಡಿಕೊಂಡರು.

"ಇನ್ನೂ ಮೂವತ್ತೊಂಬತ್ತು ಎದುರಾಳಿಗಳಿದ್ದಾರೆ. ಈ ಹುಡುಗಿ ಜೊತೆಗಾದ್ರೆ ಮಾಡ್ಕೊಡ್ತೀನಿ. ಹೊರಗಿನವರ ಜೊತೆ ಮಾಡಲ್ಲ."

ಯಜಮಾನರು ಅವರಿಬ್ಬರನ್ನೂ ದುರುಗುಟ್ಟಿ ನೋಡಿದರು. ಆಮೇಲೆ ಪರದೆಯನ್ನು ನೋಡಿದರು. ಕೈಯಲ್ಲಿದ್ದ ಕಂಟ್ರೋಲರ್ ಕೆಳಗಿಡಲು ಅವರಿಗೇ ಮನಸ್ಸಿರಲಿಲ್ಲ.

"ಅಷ್ಟೂ ಮಾಡೋಕೆ ಎಷ್ಟು ದಿನ ಬೇಕು?"

"ಮೂರು ತಿಂಗಳು," ಎಂದರು ಬಾಗಿಲಣ್ಣ.

"ಎರಡು ಕೊಡ್ತೀನಿ."

"ಮೂರು," ಎಂದಳು ಕತ್ತಿಯಕ್ಕ, ತನ್ನ ಕುರ್ಚಿಯನ್ನು ಬಾಗಿಲಣ್ಣನ ಪಕ್ಕಕ್ಕೆ ಎಳೆದುಕೊಳ್ಳುತ್ತ.