ಮಂಚಯ್ಯ ಎತ್ತದ ಫೋನು

ಮುನಿಸಿಕೊಳ್ಳುವುದೂ ಒಂದು ಕೆಲಸವೇ. ಮಂಚಯ್ಯ ಅದನ್ನು ಹೊಲದ ಕೆಲಸಕ್ಕಿಂತ ಶ್ರದ್ಧೆಯಿಂದ ಮಾಡುತ್ತಿದ್ದ. ಚನ್ನರಾಯಪಟ್ಟಣಕ್ಕೆ ಕೊಟ್ಟಿದ್ದ ತಂಗಿ ಚಿಕ್ಕಲಕ್ಷ್ಮಮ್ಮನ ಮಗಳು ಭಾಗ್ಯಲಕ್ಷ್ಮಿಗೆ ಮದುವೆ ಗೊತ್ತಾಗಿತ್ತು. ನಿಶ್ಚಿತಾರ್ಥದ ದಿನ ಮೊದಲ ತಾಂಬೂಲ ಸೋದರಮಾವನ ಕೈಗೆ ಬರಬೇಕೋ ಬೇಡವೋ? ತಂಗಿಯ ಗಂಡ ನಂಜುಂಡೇಶ ಅದನ್ನು ಯಾವನೋ ಕಂಟ್ರಾಕ್ಟರ್ ಗೆಳೆಯನ ಕೈಗಿಟ್ಟ. ಮಂಚಯ್ಯ ಎಲೆಯ ಮುಂದಿನಿಂದ ಎದ್ದವನೇ ಪಾಯಸವನ್ನೂ ಬಿಟ್ಟು, ಹೊಳೆನರಸೀಪುರದಲ್ಲಿ ಬಸ್ಸು ಬದಲಾಯಿಸಿ, ಅರಕಲಗೂಡಿನ ಪಕ್ಕದ ತನ್ನೂರು ಸೇರಿಕೊಂಡ.

"ಇಪ್ಪತ್ತೊಂದು ಸಲ ಫೋನ್ ಮಾಡ್ಲಿ, ನಾನು ಎತ್ತಾಕಿಲ್ಲ. ಮನೆ ಬಾಗ್ಲಿಗೇ ಬಂದು ಕರೀಬೇಕು" ಎಂದು ಹೆಂಡತಿ ಯಮುನಾಳ ಮುಂದೆ ಘೋಷಿಸಿದ.

"ಅವ್ರು ಬರ್ದಿದ್ರೆ?" ಎಂದಳು ಯಮುನಾ.

"ಬರ್ದೆ ಎಲ್ಲೋಯ್ತಾರೆ? ಸೋದರಮಾವ ಇಲ್ದೆ ಎಣ್ಣು ಅಸೆಮಣೆಗೆ ಬಂದಾದಾ?"

ಮಾತಿನಲ್ಲಿ ಜೋರಿತ್ತು, ಒಳಗೆ ಪುಕಪುಕ. ಭಾಗ್ಯಳನ್ನು ಹೆಗಲ ಮೇಲೆ ಹೊತ್ತು ಹೊಳೆ ತೋರಿಸಿದವನು ಅವನು. ಅವಳನ್ನು ಕೈಹಿಡಿದು ಹಸೆಮಣೆಗೆ ಕರೆತರದಿದ್ದರೆ ಇನ್ನು ಬದುಕಿ ಏನು ಪ್ರಯೋಜನ ಅನ್ನಿಸುತ್ತಿತ್ತು. ಕರೆಯದೆ ಹೋದರೆ ಮಾನ ಉಳಿಯುತ್ತದೆಯೇ, ಅದೂ ಇತ್ತಲ್ಲ.

ಮದುವೆಗೆ ನಾಲ್ಕು ದಿನವಿದ್ದಾಗ ಫೋನು ಶುರುವಾಯಿತು. ಮಂಚಯ್ಯ ಅದನ್ನು ಜಗಲಿಯ ಮೇಲಿಟ್ಟು, ಎದುರಿಗೆ ಕೂತು, ಕಾಫಿ ಹೀರುತ್ತ ರಿಂಗಾಗುವುದನ್ನು ಆನಂದಿಸಿದ. ತಂಗಿಯದು ಎರಡು ಸಲ, ನಂಜುಂಡೇಶನದು ಒಂದು ಸಲ. ಅಷ್ಟೇ. ಆಮೇಲೆ ನಿಂತೇಹೋಯಿತು.

ಮಾರನೆಯ ದಿನವೂ ಇಲ್ಲ. ಸಿಗ್ನಲ್ ಇಲ್ಲವೇನೋ ಎಂದು ಫೋನು ಹಿಡಿದು ತಾರಸಿ ಹತ್ತಿದ. "ನಿನ್ ಫೋನ್ ತಾರೇ, ಇದು ಬಡ್ಕೋತೈತಾ ನೋಡವ" ಎಂದರೆ ಯಮುನಾ ಚಾರ್ಜಿಲ್ಲ ಅಂದಳು. ಮೂರು ದಿನವಾದರೂ ಚಾರ್ಜಾಗದ ಫೋನು ಅದೆಂಥದೋ!

ಮದುವೆಯ ದಿನ ಬೆಳಗ್ಗೆ ಅವಳು ರೇಷ್ಮೆ ಸೀರೆ ಉಟ್ಟು ಹೊರಗೆ ಬಂದಳು. ಮಂಚಯ್ಯನೂ ತಡೆಯಲಾರದೆ ಬಿಳಿ ಪಂಚೆ ಸುತ್ತಿಕೊಂಡ. "ಊಟಕ್ಕಲ್ಲ, ಯಾಕ್ ಫೋನ್ ನಿಲ್ಸಿದ್ರಿ ಅಂತ ಕೇಳ್ಬುಟ್ಟು ಬಂದ್ಬುಡ್ತೀನಿ" ಎಂದ.

ಛತ್ರದ ಬಾಗಿಲಲ್ಲೇ ಚಿಕ್ಕಲಕ್ಷ್ಮಮ್ಮ ಓಡಿಬಂದು ಅವನ ಎರಡೂ ಕೈ ಹಿಡಿದುಕೊಂಡು ಅತ್ತುಬಿಟ್ಟಳು. "ಅಣ್ಣಯ್ಯ, ನಿನ್ ಮೆಸೇಜ್ ನೋಡಿ ರಾತ್ರಿಯೆಲ್ಲ ನಿದ್ದೆ ಬರ್ಲಿಲ್ಲ ಕಣೋ. ತಪ್ಪು ನಮ್ದು. ನೀನು ಇಂಗೆ ಬರೆಯೋದಾ?"

ಅವಳು ಹಿಡಿದ ಫೋನಿನಲ್ಲಿ ಇದ್ದದ್ದು ಇಷ್ಟು: 'ತಪ್ಪೆಲ್ಲ ನನ್ನದೇ. ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ. ಮತ್ತೆ ಫೋನ್ ಮಾಡುವ ತೊಂದರೆ ಬೇಡ, ನಾನೇ ಬರುತ್ತೇನೆ. ಇಂತಿ ಮಂಚಯ್ಯ.'

ಮಂಚಯ್ಯ ಹೆಂಡತಿಯ ಕಡೆ ತಿರುಗಿದ. ಅವಳು ಸೆರಗು ಸರಿಮಾಡಿಕೊಳ್ಳುತ್ತ ಮೆಲ್ಲಗೆ ಹೇಳಿದಳು: "ನಿಮ್ ಫೋನಿಗೆ ಹಾಕಿರೋ ಒಂದು ಆ್ಯಪು. ಎತ್ತದೆ ಬಿಟ್ಟ ಫೋನಿಗೆಲ್ಲ ತಾನೇ ಉತ್ರ ಕಳಿಸ್ತದೆ. ಏನ್ ಕಳಿಸ್ಬೇಕು ಅಂತ ಒಂದ್ಸಲ ಬರೆದಿಟ್ರೆ ಸಾಕು. ನಾನು ಬರೆದಿಟ್ಟೆ."

ಸಿಟ್ಟು ನೆತ್ತಿಗೇರಿತು. ಆದರೆ ಅಷ್ಟರಲ್ಲಿ ನಂಜುಂಡೇಶ ತಟ್ಟೆ ಹಿಡಿದು ಬಂದು, ನೆಂಟರಿಷ್ಟರೆಲ್ಲರ ಮುಂದೆ, ಮೊದಲ ತಾಂಬೂಲವನ್ನು ಅವನ ಕೈಗಿಟ್ಟ. "ಇಷ್ಟು ದೊಡ್ ಮನ್ಸು ನಂಗಿಲ್ಲ ಭಾವ. ಅದ್ನ ನೀವೇ ಬರೆದ್ರಾ?"

ಇಲ್ಲ ಅಂದರೆ ಮಾನ ಉಳಿಯುತ್ತಿತ್ತು. ತಂಗಿಯ ಮುಖ ಮಾತ್ರ ಉಳಿಯುತ್ತಿರಲಿಲ್ಲ. ಮಂಚಯ್ಯ ಗಂಟಲು ಸರಿಮಾಡಿಕೊಂಡು, ಛತ್ರಕ್ಕೆಲ್ಲ ಕೇಳುವಂತೆ, "ಊಂ ಮತ್ತೆ! ಒಂದೊಂದು ಅಕ್ಸರಾನೂ ನಂದೇಯ" ಎಂದ. ಹೇಳಿದ ಮೇಲೆ ಅವನಿಗೇ ತನ್ನ ಮೇಲೆ ಅಭಿಮಾನ ಉಕ್ಕಿತು.

ಆಗ ಹಿಂದಿನ ಕುರ್ಚಿಯಿಂದ ಒಬ್ಬ ಎದ್ದ. ಅವನೂರಿನ ರಂಗಯ್ಯ, ಪಕ್ಕದ ಹೊಲದವನು, ಬದುವಿನ ಜಗಳದಲ್ಲಿ ಮೂರು ವರ್ಷದಿಂದ ಮಾತುಬಿಟ್ಟವನು. ಅವನ ಕೈಯಲ್ಲೂ ಫೋನಿತ್ತು.

"ನಿನ್ ಎಮ್ಮೆ ನನ್ ಜ್ವಾಳಕ್ಕೆ ನುಗ್ಗೈತೆ ಅಂತ ಬಯ್ಯಾಕೆ ಹೋದ್ ವಾರ ಫೋನ್ ಮಾಡಿದ್ದೆ ಕಣ್ಲಾ ಮಂಚ. ನಂಗೂ ಇದೇ ಬಂತು, ತಪ್ಪೆಲ್ಲ ನನ್ನದೇ ಅಂತ. ಇದ್ನೂ ನೀನೇ ಬರೆದಿದ್ದಾ?"

ಚಿಕ್ಕಲಕ್ಷ್ಮಮ್ಮ ಒಮ್ಮೆ ರಂಗಯ್ಯನ ಫೋನು ನೋಡಿದಳು, ಒಮ್ಮೆ ತನ್ನದು ನೋಡಿದಳು, ಆಮೇಲೆ ಅಣ್ಣನನ್ನು ನೋಡಿದಳು. ಅದನ್ನು ಬರೆದಿಲ್ಲ ಅಂದರೆ ಇದನ್ನೂ ಬರೆದಿಲ್ಲ ಅಂತಾಗುತ್ತದೆ. ಯಮುನಾಗೂ ಇದು ಹೊಳೆದಿರಲಿಲ್ಲ. ಅವಳು ನಾಲಿಗೆ ಕಚ್ಚಿಕೊಂಡು ನಿಂತಳು.

"ಅದೂ ನಾನೇ ಕಣ್ಲಾ ರಂಗ" ಎಂದ ಮಂಚಯ್ಯ. "ಮುಂದಿನ್ ವಾರ ಬದು ನಿನ್ ಲೆಕ್ಕದಂಗೆ ಆಕ್ಕೋ."

ಎರಡಡಿ ನೆಲ ಹಾಗೆ ಹೋಯಿತು. ವಾಲಗದವರು ಜೋರಾಗಿ ನುಡಿಸತೊಡಗಿದರು. ಮಂಚಯ್ಯ ಸೋದರಸೊಸೆಯ ಕೈ ಹಿಡಿದು ಹಸೆಮಣೆಯ ಕಡೆ ನಡೆದ. ಭಾಗ್ಯ ತಲೆ ತಗ್ಗಿಸಿಕೊಂಡೇ ಪಿಸುಗುಟ್ಟಿದಳು: "ಮಾವ, ಅತ್ತೆ ಬರೆದಿದ್ದು ಅಂತ ನಂಗೊತ್ತು. ಫೋನಲ್ಲೇ ಹೇಳಿಕೊಟ್ಟು ಅತ್ತೆ ಕೈಲಿ ಆ ಆ್ಯಪು ಹಾಕ್ಸಿದೋಳೇ ನಾನು."