ಒಂದು ಗುಟುಕು ಹುಣಸೆ ಬಿಯರ್

ಹಿಂದೂಪುರದ ಹುಣಸೆ ಮಂಡಿಯಲ್ಲಿ ಗಂಗುಲಪ್ಪನ ನಾಲಿಗೆಗೆ ಎದುರಾಡುವವರಿಲ್ಲ. ಒಂದು ಚೂರು ಬಾಯಿಗೆ ಹಾಕಿ, ಚಪ್ಪರಿಸಿ, ಉಗಿದನೆಂದರೆ ಮುಗಿಯಿತು. ಯಾವ ಕಡೆಯ ಮರ, ಈ ವರ್ಷದ್ದೋ ಹೋದ ವರ್ಷದ್ದೋ, ತೂಕಕ್ಕೆಂದು ನೀರು ಚಿಮುಕಿಸಿದ್ದಾರೋ, ಎಲ್ಲ ಹೇಳಿಬಿಡುತ್ತಾನೆ. ಇಂಥ ಜಾಣ ಐದು ವರ್ಷದ ಹಿಂದೆ ಬೆಳ್ಳಂಬೆಳಗ್ಗೆಯೇ ಕುಡಿದು ಇದೇ ಮಂಡಿಯ ಚೀಲಗಳ ಮೇಲೆ ಬಿದ್ದಿರುತ್ತಿದ್ದ. ಹೆಂಡತಿ ಆದಿಲಕ್ಷ್ಮಿ ಮಗಳನ್ನು ಕರೆದುಕೊಂಡು ಕಲ್ಯಾಣದುರ್ಗದ ತವರಿಗೆ ಹೋಗಿ ಕುಳಿತಿದ್ದಳು. ಕಡೆಗೆ ಅವಳೇ ಬಂದು ಅವನನ್ನು ಪಾಂಡುರಂಗನ ಗುಡಿಗೆ ಎಳೆದೊಯ್ದು ತುಳಸಿಮಾಲೆ ಹಾಕಿಸಿದಳು. ಆ ಸೀಮೆಯಲ್ಲಿ ಕುಡಿತ ಬಿಡುವವರು ಹಾಕಿಸಿಕೊಳ್ಳುವ ಮಾಲೆ ಅದು.

"ಇದ್ಕೆ ಮರ್ಯಾದೆ ಕೊಡ್ತಿರೋಗಂಟ ನಾವು ನಿನ್ ಜೊತೇಲಿರ್ತೀವಿ. ಇನ್ನೊಂದು ಸಲ ಕುಡುದ್ರೆ ಮತ್ತೆ ಬರಾಕಿಲ್ಲ," ಎಂದಿದ್ದಳು. ಆಡಿದ ಮಾತಿಗೆ ತಪ್ಪುವ ಹೆಣ್ಣಲ್ಲ.

ಮೊನ್ನೆ ಮಧ್ಯಾಹ್ನ ಬೆಂಗಳೂರಿನಿಂದ ಚೆನ್ನಕೇಶವ ಬಂದ. ಸ್ವಂತವಾಗಿ ಬಿಯರ್ ತಯಾರಿಸಿ ಮಾರುವವನು. ಈ ಸಲ ಹುಣಸೆಹಣ್ಣು ಹಾಕಿ ಭಾರೀ ಸ್ಟ್ರಾಂಗ್ ಬಿಯರೊಂದನ್ನು ಮಾಡಿದ್ದ. ಲೋಟಕ್ಕೆ ಎರಡು ಬೆರಳಷ್ಟು ಸುರಿದು ಗಂಗುಲಪ್ಪನ ಮುಂದಿಟ್ಟ.

"ಹುಣಸೆ ರುಚಿ ನಿಂತಿದ್ಯಾ, ಕಹಿ ಅದನ್ನ ನುಂಗಿಹಾಕಿದ್ಯಾ, ನೀವೇ ಹೇಳ್ಬೇಕಣ್ಣ."

ಹಣ್ಣಿನ ಬೀಜ ಬಿಡಿಸುತ್ತಿದ್ದ ನಾಗಕ್ಕ ಕೈ ನಿಲ್ಲಿಸಿದಳು. "ವದ್ದಣ್ಣಾ, ಬ್ಯಾಡ. ಕೊಳ್ಳಾಗೆ ಮಾಲೆ ಐತೆ."

"ಕುಡಿಯಾಕಿಲ್ಲ ಕಣಮ್ಮ. ಬಾಯಾಗಿಟ್ಟು ಉಗೀತೀನಿ. ದಿನಾ ಮಾಡೋದೇ ಅಲ್ವಾ?"

ಅವನು ಸುಳ್ಳು ಹೇಳಲಿಲ್ಲ. ಇಪ್ಪತ್ತು ವರ್ಷ ಉಗಿದ ಬಾಯಿ ಇವತ್ತೇಕೆ ಕೈಕೊಡುತ್ತದೆ ಎಂಬ ಧೈರ್ಯ ಅವನದು.

ಮೊದಲು ಹುಳಿ, ಅದರ ಬೆನ್ನಿಗೇ ಬೆಲ್ಲದಂಥ ಸಿಹಿ, ಆಮೇಲೆ ಮೂಗಿಗೇರುವ ಬಿಸಿ. ಕಲ್ಯಾಣದುರ್ಗದ ಕಡೆಯ ಹಣ್ಣು, ಹೋದ ವರ್ಷದ್ದು, ಕಹಿ ಕೂದಲೆಳೆಯಷ್ಟು ಹೆಚ್ಚು ಎಂದು ನಾಲಿಗೆ ಆ ಕ್ಷಣವೇ ಹೇಳಿತು. ಗಂಗುಲಪ್ಪ ಉಗಿಯಲು ಬಾಗಿದ. ಬಾಯಲ್ಲಿ ಏನೂ ಇರಲಿಲ್ಲ. ಹಾಳು ಗಂಟಲು ಅವನನ್ನು ಒಂದು ಮಾತೂ ಕೇಳದೆ ನುಂಗಿಬಿಟ್ಟಿತ್ತು.

ಆದಿಲಕ್ಷ್ಮಿ ಬಟ್ಟೆಯ ಗಂಟು ಹಿಡಿದು ಬಸ್ಸು ಹತ್ತುವುದು ಕಣ್ಣಿಗೆ ಕಟ್ಟಿತು. ಈಗಲೇ ಎದ್ದು ಹೋಗಬೇಕು ಎಂದುಕೊಂಡ, ಏಳಲಾಗಲಿಲ್ಲ. ನಾಗಕ್ಕ ಗದರಿಸಲಿ, ಚೆನ್ನಕೇಶವ ಸೀಸೆ ಮುಚ್ಚಲಿ, ಯಾರಾದರೂ ತನ್ನನ್ನು ಹಿಡಿದುಕೊಳ್ಳಲಿ ಎಂದು ಒಳಗೊಳಗೇ ಬೇಡಿಕೊಂಡ. ಅವನು ಉಗಿದನೆಂದೇ ತಿಳಿದ ನಾಗಕ್ಕ ಮತ್ತೆ ಕೆಲಸಕ್ಕೆ ತೊಡಗಿದ್ದಳು.

"ಹೇಗಿದೆ ಅಣ್ಣ, ಗೊತ್ತಾಯ್ತಾ?" ಎಂದ ಚೆನ್ನಕೇಶವ.

ಗೊತ್ತಾಗಿತ್ತು. ಹೌದೆಂದು ಹೇಳಿದ್ದರೆ ಸೀಸೆ ಚೀಲ ಸೇರುತ್ತಿತ್ತು, ಅವನು ಮನೆ ಸೇರುತ್ತಿದ್ದ.

"ಸರ್ಯಾಗಿ ಗೊತ್ತಾಗ್ಲಿಲ್ಲ ಕಣಪ್ಪ," ಎಂದು ಗಂಗುಲಪ್ಪ ಲೋಟ ಮುಂದಕ್ಕೆ ಹಿಡಿದ. "ಇನ್ನೊಂದೀಟು ಹಾಕು."