ಗುಳಿಗೆ ಬಿಡುವ ಪಥ್ಯ

ಮೂರು ದಿನ ಸಕ್ಕರೆ ಕಾಯಿಲೆಯ ಗುಳಿಗೆಯೊಂದನ್ನು ಬಿಟ್ಟರೆ ಬೇರೆ ಯಾವ ಗುಳಿಗೆಯನ್ನೂ ತಗೊಳ್ಳಬಾರದು ಎಂದು ಹೊಸಪೇಟೆಯ ಡಾಕ್ಟರು ಹೇಳಿದ್ದು ಕರೆಮ್ಮನಿಗೆ. ಆ ಪಥ್ಯ ಕಾಯುತ್ತ ತಲೆ ಕೆಟ್ಟುಹೋದದ್ದು ಮಾತ್ರ ಅವಳ ಮಗ ಮಾರೇಶನಿಗೆ.

ಎರಡು ತಿಂಗಳ ಹಿಂದೆ ಮೆಟ್ರಿ ಊರಿನ ಹೊಲದಲ್ಲಿ ಕಡಿದ ಕಬ್ಬಿನ ಕೂಳೆ ಅವಳ ಬಲಗಾಲಿನ ಹೆಬ್ಬೆರಳಿಗೆ ಚುಚ್ಚಿತ್ತು. ಮೆಡಿಕಲ್ ಶಾಪಿನಿಂದ ಎರಡು ದಿನದ ಗುಳಿಗೆ ತಂದು ನುಂಗುವುದು, ಕಮ್ಮಿಯಾದಂತೆ ಕಂಡರೆ ಬಿಡುವುದು, ಮತ್ತೆ ಕೀವು, ಮತ್ತೆ ಎರಡು ದಿನದ ಗುಳಿಗೆ. ಹೀಗೇ ನಡೆದು ಹೆಬ್ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಈ ಕ್ರಿಮಿ ಯಾವ ಔಷಧಿಗೆ ಸಾಯುತ್ತದೆಂದು ಕೀವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡಬೇಕು, ಔಷಧಿ ತಾಗಿದ ಅರೆಜೀವದ ಕ್ರಿಮಿ ಅಲ್ಲಿ ಬೆಳೆಯುವುದಿಲ್ಲ, ಸೋಮವಾರ ಬನ್ನಿ ಎಂದರು ಡಾಕ್ಟರು. ನಡುವೆ ಜ್ವರ ಬಂದರೆ, ಕೆಂಪು ಮೇಲೇರಿದರೆ ಅವತ್ತೇ ಬರಬೇಕು. ತಡವಾದರೆ ಪಾದವೇ ಹೋಗುತ್ತದೆ.

ಮಾರೇಶ ಮನೆ ಕಟ್ಟುವ ಗೌಂಡಿ. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟು ಕರಣೆ ಹಿಡಿದವನು. ಮೂರು ದಿನ ಕೆಲಸ ಬಿಟ್ಟು ಕಂಪ್ಲಿಯ ಮನೆಯ ಬಾಗಿಲಲ್ಲಿ ಕೂತ. ಇಟ್ಟಿಗೆ ಚೂರಿನಿಂದ ಗೋಡೆಯ ಮೇಲೆ 'ಗುಳಿಗೆ ತರಬೇಡಿ' ಎಂದು ದಪ್ಪಗೆ ಬರೆದ. ಪಕ್ಕದ ಮನೆಯ ಭರಮಮ್ಮನಿಗೆ ಓದಲು ಬಾರದು. ಅವಳು ಸೆರಗಿನ ಗಂಟು ಬಿಚ್ಚಿ ಅರ್ಧ ಖಾಲಿಯಾದ ಗುಳಿಗೆಯ ಪಟ್ಟಿಯನ್ನು ತೆಗೆದಳು.

"ನನ್ನ ಮೊಮ್ಮಗಳ ಕಿವಿ ಸೋರತಿತ್ತು, ಎರಡಕ್ಕ ನಿಂತಿತು ನೋಡು. ಉಳದಿದ್ದು ಇಟ್ಟಿದ್ದೆ."

"ಕಿವಿದು ಕಾಲಿಗೆ ಯಾಕಬೇ? ತಗೊಂಡು ಹೋಗು."

ರೈಸ್ ಮಿಲ್ಲಿನ ಕೊಟ್ರಯ್ಯನಿಗೆ ಓದಲು ಬರುತ್ತಿತ್ತು. ಗೋಡೆಯ ಬರಹವನ್ನು ನಿಧಾನಕ್ಕೆ ಓದಿ, "ಇದು ಗುಳಿಗಿ ಅಲ್ಲಪ, ಕ್ಯಾಪ್ಸೂಲು" ಎಂದು ತಂದದ್ದನ್ನು ಬಾಳೆಹಣ್ಣಿನ ಜೊತೆ ಒಳಗೇ ಇಟ್ಟು ಹೋದ. ಮಾರೇಶ ತಾಯಿಯ ಎದುರು ಕುಕ್ಕರಗಾಲಲ್ಲಿ ಕೂತು ಬೆರಳೆತ್ತಿ ಎಚ್ಚರಿಸಿದ.

"ಅವ್ವಾ, ಯಾರೇನು ಕೊಟ್ರೂ ಬಾಯಿಗೆ ಹಾಕಬ್ಯಾಡ."

"ಹಾಕಂಗಿಲ್ಲಪ. ಎಷ್ಟ್ ಸಲ ಹೇಳ್ತಿ."

ಅವನ ಸಿಟ್ಟು ಗುಳಿಗೆಯದಷ್ಟೇ ಅಲ್ಲ. ಮೆಡಿಕಲ್ ಶಾಪಿನವನು ಪಟ್ಟಿ ಕತ್ತರಿಸಿ ಎರಡು ಗುಳಿಗೆ ಕೊಟ್ಟರೆ ಜನ ಕಣ್ಣಿಗೊತ್ತಿಕೊಂಡು ನುಂಗುತ್ತಾರೆ. ಬೇಡವೆಂದು ಗೌಂಡಿ ಹೇಳಿದರೆ, ಇವನ್ಯಾವ ಡಾಕ್ಟರು ಎಂಬ ನಗು.

ಭಾನುವಾರ ಸಂಘಮಿತ್ರಾ ಬಂದಳು. ಕರೆಮ್ಮನ ತಮ್ಮನ ಮಗಳು, ಮಾರೇಶನಿಗಿಂತ ಎರಡು ವರ್ಷಕ್ಕೆ ದೊಡ್ಡವಳು, ಬಳ್ಳಾರಿಯಲ್ಲಿ ಕ್ರಿಮಿಗಳ ಮೇಲೆ ಸಂಶೋಧನೆ ಮಾಡುವವಳು. ಅತ್ತೆಯನ್ನು ಮಾತಾಡಿಸಿ ಹೊರಗೆ ಬಂದು ಕಟ್ಟೆಯ ಮೇಲೆ ಕೂತಳು.

"ನಮ್ಮವ್ವನ ಕಾಲಾಗ ಏನೈತಿ, ನನಗ ತಿಳಿಯೋ ಹಂಗ ಹೇಳು" ಎಂದ ಮಾರೇಶ.

"ಕ್ರಿಮಿಗೆ ಮೈಸುತ್ತ ಒಂದು ಗ್ವಾಡಿ ಇರ್ತೈತಿ. ಅದು ಬಿತ್ತಂದ್ರ ಒಡದು ಸಾಯ್ತೈತಿ. ಅದನ್ನ ಕಟ್ಟೋ ಗೌಂಡಿಗಳೂ ಅದರಾಗ ಅದಾವ. ಕಿಣ್ವ ಅಂತೀವಿ ಅವಕ್ಕ."

"ಕ್ರಿಮಿಗೂ ಗೌಂಡಿ ಸಿಗ್ತಾನ."

"ಕೇಳಿಲ್ಲಿ. ಹಳೇ ಔಷಧಿ ಇಟ್ಟಿಗಿ ವೇಷ ಹಾಕ್ಕೊಂಡು ಹೋಗಿ ಆ ಗೌಂಡಿ ಕೈಗೆ ಅಂಟ್ಕೊಂತಿತ್ತು. ಕೈ ಸಿಕ್ಕೊಂಡ್ರ ಗ್ವಾಡಿ ಕೆಲಸ ಬಂದ್. ಈಗ ಕೆಲವು ಕ್ರಿಮಿ ಬ್ಯಾರೆ ಗೌಂಡಿನ ಇಟ್ಕೊಂಡಾವ. ಅವನ ಕೈಗೆ ಈ ಔಷಧಿ ಅಂಟಂಗಿಲ್ಲ. ಅವನ ಕೈ ಕಟ್ಟೋ ಔಷಧಿ ಹುಡುಕೋದ ನನ್ನ ಕೆಲಸ."

"ಎಷ್ಟ್ ವರ್ಷ ಆತು?"

"ಐದು."

"ಸಿಕ್ತಾ?"

"ಇನ್ನಾ ಇಲಿಗೆ ಕೊಟ್ಟು ನೋಡೋತನಾನೂ ಹೋಗಿಲ್ಲ."

"ಐದು ವರ್ಷದಾಗ ನಾ ಇಪ್ಪತ್ತು ಮನಿ ಕಟ್ಟೀನಿ."

"ನೀ ಕಟ್ಟಿದ ಮನಿ ನೋಡೀನಿ, ಸುಮ್ನಿರು." ಸಂಘಮಿತ್ರಾ ನಗಲಿಲ್ಲ. "ನಾ ಹುಡುಕೋದು ಅತ್ತೀಗೆ ಸಿಗಂಗಿಲ್ಲ ಮಾರೇಶ. ಆಕಿಗೆ ಈಗ ಇರೋದ್ರಾಗ ಒಂದು ಹತ್ತಬಹುದು. ಯಾವುದಂತ ಗೊತ್ತಾಗಬೇಕು. ನಾಳೀತನ ಕಾಯಿ."

ಕಾದ. ಸೋಮವಾರ ಬೆಳಗಿನ ಬಸ್ಸಿಗೇ ತಾಯಿಯನ್ನು ಹೊಸಪೇಟೆಗೆ ಕರೆದೊಯ್ದ. ಕಾಲು ಹಿಂದಿನ ದಿನಕ್ಕಿಂತ ಕೆಂಪಾಗಿತ್ತು. ಡಾಕ್ಟರು ಕಾಲಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದರು, ಕೈ ನಿಲ್ಲಿಸಿದರು. ಗಾಯದ ತುಂಬ ಹಳದಿ ಪುಡಿ, ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಮೆತ್ತಿದ್ದು.

"ಏನಮ್ಮ ಇದು?"

"ಕ್ಯಾಪ್ಸೂಲಿಂದ್ರಿ. ಬಿಚ್ಚಿ ಹಾಕಿದ್ರ ಗಾಯ ಜಲ್ದಿ ಒಣಗತೈತಂತ ಭರಮವ್ವ ಹಾಕಿಕೊಟ್ಲು, ಕೊಟ್ರಯ್ಯ ತಂದಿದ್ದನ್ನ." ಕರೆಮ್ಮ ಮಗನ ಮುಖ ನೋಡಿದಳು. "ಬಾಯಿಗೆ ಹಾಕಬ್ಯಾಡ ಅಂದಿ. ಹಾಕಿಲ್ಲ."

ಮೂರು ದಿನ ಮಾರೇಶ ಬಾಗಿಲು ಕಾದಿದ್ದ. ನೀರಿಗೆ, ಊಟಕ್ಕೆ ಎಂದು ಎದ್ದ ಐದೈದು ನಿಮಿಷದಲ್ಲಿ ಎರಡು ಮುದುಕಿಯರು ಸೇರಿ ಕಾರ್ಯ ಮುಗಿಸಿದ್ದರು. ಯಾರನ್ನು ಬೈಯುವುದು? ಗಾಯಕ್ಕೂ ಹಾಕಬೇಡ ಎಂದು ಅವನು ಹೇಳಿರಲೇ ಇಲ್ಲ.

"ಇನ್ನೂ ಮೂರು ದಿನ ಬಿಟ್ಟು ಬರ್ತೀವ್ರಿ" ಎಂದ ಕೊನೆಗೆ.

"ಅಷ್ಟು ಟೈಮಿಲ್ಲ. ಕೆಂಪು ಏರ್ತಾ ಇದೆ. ಹೆಬ್ಬೆರಳು ತೆಗೀತೀನಿ, ಕ್ಲೀನ್ ಮಾಡ್ತೀನಿ. ಪುಡಿ ಮುಟ್ಟದ ಜಾಗ, ಒಳಗಿನ ಎಲುಬಿನ ಚೂರನ್ನ ಲ್ಯಾಬಿಗೆ ಕಳಿಸೋಣ. ಅದ್ರಲ್ಲೂ ಕ್ರಿಮಿ ಬೆಳೀದೆ ಹೋದ್ರೆ ಪಾದ ಉಳಿಯುತ್ತೆ ಅಂತ ನಾನು ಹೇಳಲಾರೆ."

ಮಾರೇಶ ಕಾಗದಕ್ಕೆ ಸಹಿ ಹಾಕಿದ. ತಾಯಿಯ ಬೆರಳು ತೆಗೆಯಲು ಸಹಿ ಹಾಕುವಾಗ ಪೆನ್ನು ಕರಣೆಗಿಂತ ಭಾರವಾಗಿತ್ತು.

ಗುರುವಾರ ರಿಪೋರ್ಟು ಬಂತು. ಎಲುಬಿನ ಚೂರಿನಲ್ಲಿ ಕ್ರಿಮಿ ಬೆಳೆದಿತ್ತು. ರಿಪೋರ್ಟಿನ ಫೋಟೋ ತೆಗೆದು ಕಳಿಸಿದ್ದಕ್ಕೆ ಸಂಘಮಿತ್ರಾ ತಾನೇ ಫೋನ್ ಮಾಡಿದಳು.

"ನಾ ಹೇಳಿದ ಆ ಬ್ಯಾರೆ ಗೌಂಡೀನ ಇದರಾಗ ಅದಾನ ನೋಡು. ಭರಮವ್ವಂದು, ಕೊಟ್ರಯ್ಯಂದು, ಶಾಪಿಂದು ಯಾವುದೂ ನಾಟಂಗಿಲ್ಲ. ಆದ್ರ ಡಾಕ್ಟರು ಬರಕೊಟ್ಟ ಸೂಜಿ ಐತಲ್ಲ, ಅದು ಗೌಂಡಿ ತಂಟೆಗೇ ಹೋಗಂಗಿಲ್ಲ, ಇಟ್ಟಿಗೀನ ಹಿಡಕಂತೈತಿ. ಇದು ನಾಟತೈತಿ."

"ಎಷ್ಟ್ ದಿನ?"

"ಆರು ವಾರ. ಒಂದೂ ತಪ್ಪಂಗಿಲ್ಲ."

ಸೂಜಿ ಶುರುವಾದ ಒಂಬತ್ತನೇ ದಿನಕ್ಕೆ ಕೆಂಪು ಇಳಿದಿತ್ತು, ಪಾದ ತಣ್ಣಗಾಗಿತ್ತು. ಮಾರೇಶ ಚಾ ತರಲು ಹೋಗಿ ಬರುವಷ್ಟರಲ್ಲಿ ಕರೆಮ್ಮ ಆಸ್ಪತ್ರೆಯ ಮಂಚದಿಂದ ಕಾಲು ಇಳಿಬಿಟ್ಟು, ಸೀರೆಯ ಗಂಟು ಕಟ್ಟಿಕೊಂಡು ಕೂತಿದ್ದಳು.

"ಹುಷಾರಾಗೀನಪ. ನಡಿ ಮನಿಗೆ. ಉಳದ ಸೂಜಿ ತಗೊಂಡು ಹೋಗಾಣ, ಭರಮಿಗೆ ಮಂಡಿ ನೋವು ಭಾಳ ಐತಿ."

ಮಾರೇಶ ಚಾ ಕೆಳಗಿಟ್ಟ. ಸೂಜಿಯ ಡಬ್ಬಿಯನ್ನು ಎತ್ತಿಕೊಂಡು ಹೋಗಿ ನರ್ಸಿನ ಕೈಗೆ ಕೊಟ್ಟು, ಬೀರುವಿನಲ್ಲಿಟ್ಟು ಬೀಗ ಹಾಕಿರಿ ಎಂದ. ತಿರುಗಿ ಬಂದು ತಾಯಿಯ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಮಂಚದ ಮೇಲಿಟ್ಟ. ಆಮೇಲೆ ಬಾಗಿಲಿಗೆ ಅಡ್ಡಲಾಗಿ ನೆಲದ ಮೇಲೆ ಕೂತ. ಇನ್ನೂ ಮೂವತ್ತಮೂರು ದಿನ ಇತ್ತು.